ಕತ್ತೆಕಿರುಬ ಬೈಗುಳವಲ್ಲ

ಮಕ್ಕಳೇ, ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ.

ನಮ್ಮ ಶಾಲೆಯ ವಿಜ್ಞಾನ ಕ್ಲಬ್ಬಿನ ಬಾಗಿಲ ಹತ್ತಿರ ಒಂದು ಪ್ರಶ್ನೆ ಪೆಟ್ಟಿಗೆ ಉಂಟು. ಪೆಟ್ಟಿಗೆ ಅಂದರೆ ಹಳೆಯ ಬಿಸ್ಕತ್ತಿನ ಡಬ್ಬ, ಮುಚ್ಚಳದಲ್ಲಿ ಒಂದು ಸೀಳು, ಅಷ್ಟೇ. ಹೆಸರು ಬರೆಯಬೇಕೆಂದಿಲ್ಲ, ಯಾರು ಬೇಕಾದರೂ ಚೀಟಿ ಹಾಕಬಹುದು. ಶುಕ್ರವಾರ ಸಂಜೆ ನಾನು ಡಬ್ಬ ತೆರೆದು, ಆಯ್ದ ನಾಲ್ಕೈದು ಪ್ರಶ್ನೆಗಳಿಗೆ ಭಿತ್ತಿಪತ್ರಿಕೆಯಲ್ಲಿ ಉತ್ತರ ಬರೆಯುವುದು ಅಂತ ಏರ್ಪಾಡು. ಎರಡು ವಾರ ಚೆನ್ನಾಗಿಯೇ ನಡೆಯಿತು. ಮೂರನೇ ವಾರ ಸುರುವಾಯಿತು ನೋಡಿ. ಒಂದೇ ಕೈಬರಹದ ಹದಿನೈದು ಚೀಟಿ: ‘ಹೊಸ ಫ್ಯಾನ್ಸಿ ಅಂಗಡಿಗೆ ಬನ್ನಿ, ಪೆನ್ನಿಗೆ ರಿಯಾಯಿತಿ’. ಯಾರದ್ದೋ ಮಾವ ಅಂಗಡಿ ತೆರೆದಿರಬೇಕು. ಉಳಿದವುಗಳಲ್ಲಿ ಅರ್ಧದಷ್ಟು ಎಂಟನೇ ತರಗತಿಯ ಒಬ್ಬ ಹುಡುಗನನ್ನು ನಾಯಿ, ಹಂದಿ ಎಂದು ಬೈದವು. ಪಾಪ, ಆ ಹುಡುಗ ಎಂತ ಮಾಡಿದ್ದನೋ.

ನನಗೆ ಸಿಟ್ಟು ಬಂತು. ಮುಂದಿನ ವಾರದಿಂದ ಚೀಟಿಯನ್ನು ಪೂರ್ತಿ ಓದುವುದನ್ನೇ ಬಿಟ್ಟೆ. ‘ನಾಯಿ’ ಕಂಡಿತೋ, ಕಸದ ಬುಟ್ಟಿಗೆ. ‘ಹಂದಿ’ ಕಂಡಿತೋ, ಬುಟ್ಟಿಗೆ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು.

ಒಂದು ತಿಂಗಳಾದ ಮೇಲೆ ಆರನೇ ತರಗತಿಯ ಒಬ್ಬಳು ಬಂದು, “ಟೀಚರ್, ನನ್ನ ಚೀಟಿಗೆ ಉತ್ತರ ಬರಲೇ ಇಲ್ಲ” ಅಂದಳು. ಎಂತ ಕೇಳಿದ್ದೆ ಅಂತ ವಿಚಾರಿಸಿದೆ. ‘ನಾಯಿಕೆಮ್ಮು ನಾಯಿಯಿಂದಲೇ ಬರುವುದಾ?’ ಅಂತ ಬರೆದಿದ್ದಳಂತೆ. ಅವಳ ತಮ್ಮನಿಗೆ ಬಿಡದೆ ಕೆಮ್ಮು. ಮನೆಯಲ್ಲಿ ಯಾರೋ ನಾಯಿಕೆಮ್ಮು ಇರಬೇಕೆಂದರು. ಅದಕ್ಕೆ ಸಾಕಿದ ನಾಯಿಯನ್ನು ಗೋಣಿಯಲ್ಲಿ ಹಾಕಿ ಹೊಳೆಯ ಆಚೆ ಬಿಟ್ಟು ಬಂದಿದ್ದರು. ನಾಯಿಕೆಮ್ಮು ಬರುವುದು ಬೋರ್ಡಟೆಲ್ಲಾ ಪರ್ಟುಸಿಸ್ ಎಂಬ ಬ್ಯಾಕ್ಟೀರಿಯದಿಂದ, ಮನುಷ್ಯರಿಂದ ಮನುಷ್ಯರಿಗೆ. ಹೆಸರಲ್ಲಿ ಮಾತ್ರ ನಾಯಿ. ಒಂದು ಸಾಲಿನ ಉತ್ತರ ಅದು. ಸಮಯಕ್ಕೆ ಕೊಟ್ಟಿದ್ದರೆ ಒಂದು ನಾಯಿ ಮನೆಯಲ್ಲೇ ಇರುತ್ತಿತ್ತು. ತಮ್ಮನಿಗೆ ಬಂದದ್ದು ಬರೀ ಶೀತದ ಕೆಮ್ಮು, ಗುಣವಾಯಿತು. ನಾಯಿ ತಿರುಗಿ ಬರಲಿಲ್ಲ.

ಇದನ್ನು ಇಲ್ಲಿ ಯಾಕೆ ಹೇಳಿದೆ ಅಂದರೆ, ಅಂತರ್ಜಾಲದಲ್ಲಿ ಯಾರು ಬೇಕಾದರೂ ಬರೆಯಬಹುದಾದ ತಾಣಗಳೆಲ್ಲ ನನ್ನ ಬಿಸ್ಕತ್ತಿನ ಡಬ್ಬದ ಹಾಗೆಯೇ. ವಿಕಿಪೀಡಿಯವನ್ನೇ ತೆಗೆದುಕೊಳ್ಳಿ. ಕೇರಳದಲ್ಲಿರುವ ನಮಗೆ ಶಾಲೆಗಳೇ ಬರೆಯುವ ಸ್ಕೂಲ್‌ವಿಕಿಯೂ ಉಂಟು. ಇಂಥ ಕಡೆ ಕಸ ಬಂದೇ ಬರುತ್ತದೆ. ಕಸ ಹಿಡಿಯುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಕಷ್ಟದ ಪ್ರಶ್ನೆ ಬೇರೆ ಉಂಟು: ಕಸದ ಜೊತೆ ಕಾಳನ್ನೂ ಎಸೆಯದಿರುವುದು ಹೇಗೆ? ಕನ್ನಡದಲ್ಲಂತೂ ಈ ಪ್ರಶ್ನೆ ಇನ್ನೂ ದೊಡ್ಡದು.

ಮೊದಲು ಕಸ ಯಾಕೆ ಬರುತ್ತದೆ ನೋಡೋಣ. ಬೇಡದ ಜಾಹೀರಾತನ್ನು ರಾಶಿ ರಾಶಿ ಸುರಿಯುವುದಕ್ಕೆ ಸ್ಪ್ಯಾಮ್ ಅನ್ನುತ್ತಾರೆ. ಹೆಸರು ಬಂದದ್ದು ತಮಾಷೆಯಿಂದ. ಸ್ಪ್ಯಾಮ್ ಎಂದರೆ 1937ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಡಬ್ಬಿ ಮಾಂಸ. 1970ರಲ್ಲಿ ಬ್ರಿಟನ್ನಿನ ಮಾಂಟಿ ಪೈಥಾನ್ ಎಂಬ ಹಾಸ್ಯತಂಡ ಒಂದು ಪ್ರಹಸನ ಮಾಡಿತು. ಅದರಲ್ಲಿ ಹೋಟೆಲಿನ ತಿಂಡಿಪಟ್ಟಿಯಲ್ಲೆಲ್ಲ ಅದೇ ಮಾಂಸ, ಬೇರೆ ಮಾತೇ ಕೇಳಿಸದಷ್ಟು ಸಲ ಅದೇ ಹೆಸರು. ಹಾಗೆ ಅಂಟಿಕೊಂಡ ಪದ ಇದು. ಸ್ಪ್ಯಾಮ್ ಹಾಕುವವನಿಗೆ ನಿಮ್ಮ ಮೇಲೆ ದ್ವೇಷ ಇಲ್ಲ, ಅವನದ್ದು ಬರೀ ವ್ಯಾಪಾರ. ಲಕ್ಷ ಸಂದೇಶ ಕಳಿಸಲು ಅವನಿಗೆ ಖರ್ಚು ಹೆಚ್ಚುಕಡಿಮೆ ಸೊನ್ನೆ. ಒಬ್ಬರು ಮರುಳಾದರೂ ಲಾಭ.

ಹಾಗಾಗಿ ಅವನ ಲಾಭ ಕಡಿಮೆ ಮಾಡಬೇಕು, ಇಲ್ಲವೇ ಖರ್ಚು ಹೆಚ್ಚಿಸಬೇಕು. ಹಿಂದೆ ಜನರು ವಿಕಿಪೀಡಿಯದಲ್ಲಿ ತಮ್ಮ ಅಂಗಡಿಯ ಕೊಂಡಿ ತುರುಕುತ್ತಿದ್ದರು, ದೊಡ್ಡ ತಾಣದಿಂದ ಕೊಂಡಿ ಇದ್ದರೆ ಹುಡುಕಾಟದಲ್ಲಿ ಅಂಗಡಿ ಮೇಲೆ ಬರುತ್ತದೆ ಅಂತ. 2005ರಲ್ಲಿ ಗೂಗಲ್ ಮೊದಲಾದ ಹುಡುಕುತಾಣಗಳು ‘ನೋಫಾಲೋ’ ಎಂಬ ಗುರುತನ್ನು ಒಪ್ಪಿಕೊಂಡವು. ಈ ಗುರುತು ಇರುವ ಕೊಂಡಿಯನ್ನು ಶಿಫಾರಸು ಅಂತ ಲೆಕ್ಕ ಹಿಡಿಯುವುದಿಲ್ಲ ಎಂದು ಅರ್ಥ. 2007ರಲ್ಲಿ ಇಂಗ್ಲಿಷ್ ವಿಕಿಪೀಡಿಯ ತನ್ನ ಹೊರಕೊಂಡಿಗಳಿಗೆಲ್ಲ ಅದನ್ನು ಅಂಟಿಸಿತು. ಲಾಭವೇ ಕಡಿಮೆಯಾಯಿತು, ಯಾರನ್ನೂ ಬೈಯಬೇಕಾಗಲಿಲ್ಲ. ಇಂಥ ಉಪಾಯ ನನಗೆ ಇಷ್ಟ.

ಖರ್ಚು ಹೆಚ್ಚಿಸುವ ಉಪಾಯ ಅಂದರೆ ಕ್ಯಾಪ್ಚಾ, ಸೊಟ್ಟ ಸೊಟ್ಟ ಅಕ್ಷರ ತೋರಿಸಿ ‘ಇದನ್ನು ಓದಿ ಬರೆ, ನೀನು ಯಂತ್ರವಲ್ಲ ಅಂತ ತೋರಿಸು’ ಅನ್ನುತ್ತದಲ್ಲ, ಅದು. ಇದರ ಬಗ್ಗೆ ನನಗೆ ಅಷ್ಟು ಮನಸ್ಸಿಲ್ಲ. ಆ ಅಕ್ಷರ ಹೆಚ್ಚಾಗಿ ಇಂಗ್ಲಿಷಿನದ್ದು. ಈಗಿನ ಯಂತ್ರಗಳು ಅದನ್ನು ಸಲೀಸಾಗಿ ಓದುತ್ತವೆ. ಕಷ್ಟ ಆಗುವುದು ಕಣ್ಣು ಕಾಣದವರಿಗೆ, ಮತ್ತೆ ಇಂಗ್ಲಿಷ್ ಅಕ್ಷರ ಇನ್ನೂ ತಡವರಿಸುವ ಐದನೇ ತರಗತಿಯ ಕನ್ನಡದ ಮಗುವಿಗೆ. ಕಳ್ಳ ದಾಟುವ, ಮನೆಯವರೇ ಎಡವುವ ಹೊಸ್ತಿಲು ಕಟ್ಟಿ ಎಂತ ಪ್ರಯೋಜನ?

ಇನ್ನು ಬೈಗುಳ. ಸುಲಭದ ದಾರಿ, ನಾನು ಮಾಡಿದ್ದೇ: ಕೆಟ್ಟ ಪದಗಳ ಪಟ್ಟಿ ಮಾಡಿ, ಅವು ಕಂಡಲ್ಲಿ ತಡೆಯುವುದು. ಇದರ ಎಡವಟ್ಟು ಲೋಕಕ್ಕೆಲ್ಲ ಗೊತ್ತಾದದ್ದು 1996ರಲ್ಲಿ. ಇಂಗ್ಲೆಂಡಿನಲ್ಲಿ ಸ್ಕನ್‌ತಾರ್ಪ್ ಅಂತ ಒಂದು ಊರು. ಆ ಹೆಸರಿನ ಇಂಗ್ಲಿಷ್ ಕಾಗುಣಿತದ ನಡುವೆ ನಾಲ್ಕು ಅಕ್ಷರದ ಒಂದು ಬೈಗುಳ ಅಡಗಿ ಕೂತಿದೆ. ಎಒಎಲ್ ಎಂಬ ಕಂಪನಿಯ ಜರಡಿ ಅದನ್ನು ಹಿಡಿಯಿತು, ಊರಿನವರಿಗೆ ಖಾತೆ ತೆರೆಯಲಿಕ್ಕೇ ಆಗಲಿಲ್ಲ. ನಾವು ನಗಬೇಕಿಲ್ಲ. ‘ಕತ್ತೆ’ ಪದ ತಡೆದು ನೋಡಿ, ಕತ್ತೆಕಿರುಬದ ಬಗ್ಗೆ ಲೇಖನ ಬರೆಯಲಾಗದು. ‘ಹಂದಿ’ ತಡೆದರೆ ಮುಳ್ಳುಹಂದಿ ಹೋಯಿತು. ‘ನಾಯಿ’ ತಡೆದರೆ ನಾಯಿಕೊಡೆ, ನಾಯಿಕೆಮ್ಮು, ಕಾಡುನಾಯಿ, ನೀರುನಾಯಿ ಎಲ್ಲ ಹೋದವು. ಜೀವಶಾಸ್ತ್ರದ ಅರ್ಧ ಪಾಠವೇ ಬೈಗುಳ ಆದ ಹಾಗಾಯಿತು. ಬೈಯುವವನಾದರೂ ಸಿಕ್ಕಿಬೀಳುತ್ತಾನಾ? ಇಲ್ಲ. ಅಕ್ಷರಗಳ ನಡುವೆ ಒಂದು ಚುಕ್ಕೆ ಇಡುತ್ತಾನೆ, ಅಥವಾ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾನೆ. ಹಾಗೆ ಬರೆದರೆ ಕತ್ತೆಯೂ ಅರಳಿಕಟ್ಟೆಯ ಕಟ್ಟೆಯೂ ಒಂದೇ. ಒಂದೇ ಒಂದು ಕೆಟ್ಟ ಪದವಿಲ್ಲದೆ ಒಬ್ಬರ ಮನಸ್ಸು ಮುರಿಯುವ ವಾಕ್ಯ ಬರೆಯಬಹುದು ಅಂತ ನಿಮಗೂ ಗೊತ್ತು.

ಪದಪಟ್ಟಿಗಿಂತ ಜಾಣ ಯಂತ್ರಗಳೂ ಉಂಟು. 1763ರಲ್ಲಿ, ಥಾಮಸ್ ಬೇಯ್ಸ್ ಎಂಬಾತ ತೀರಿಕೊಂಡ ಮೇಲೆ, ಆತ ಬರೆದಿಟ್ಟ ಸಂಭವನೀಯತೆಯ ಪ್ರಬಂಧವೊಂದು ಪ್ರಕಟವಾಯಿತು. ಅದರಿಂದ ಬೆಳೆದ ಗಣಿತವೇ ಸ್ಪ್ಯಾಮ್ ಜರಡಿಗಳ ಬೇರು. ಮನುಷ್ಯರು ಮೊದಲೇ ಒಳ್ಳೆಯದು, ಕೆಟ್ಟದು ಅಂತ ಬೇರ್ಪಡಿಸಿಟ್ಟ ಸಾವಿರಾರು ಬರಹಗಳನ್ನು ಯಂತ್ರಕ್ಕೆ ಕೊಡುವುದು. ಯಾವ ಪದ ಯಾವ ರಾಶಿಯಲ್ಲಿ ಎಷ್ಟು ಸಲ ಬಂತು ಅಂತ ಅದು ಎಣಿಸುತ್ತದೆ. ಹೊಸ ಬರಹ ಬಂದಾಗ, ಇದು ಕೆಟ್ಟ ರಾಶಿಗೆ ಸೇರುವ ಸಂಭವ ಎಷ್ಟು ಅಂತ ಲೆಕ್ಕ ಹಾಕುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ 2010ರಿಂದ ‘ಕ್ಲೂಬಾಟ್ ಎನ್‌ಜಿ’ ಎಂಬ ಕಾವಲು ಬಾಟ್ ಈ ಗಣಿತವನ್ನೂ ನರಜಾಲವನ್ನೂ ಸೇರಿಸಿ ಕೆಲಸ ಮಾಡುತ್ತಿದೆ.

ಇಷ್ಟು ಜಾಣ ಯಂತ್ರ ಇದ್ದರೆ ಮತ್ತೆಂತ ಚಿಂತೆ ಅನ್ನುತ್ತೀರಾ? ಲೆಕ್ಕದ ಪುಸ್ತಕ ತೆಗೆಯಿರಿ, ಒಂದು ಕಾಲ್ಪನಿಕ ಲೆಕ್ಕ ಮಾಡುವ.

ಒಂದು ತಾಣಕ್ಕೆ 10,000 ಬರಹ ಬಂದವು ಅಂತಿಟ್ಟುಕೊಳ್ಳಿ. ಅದರಲ್ಲಿ ನೂರಕ್ಕೆ 5 ಕೆಟ್ಟವು, ಅಂದರೆ 500. ನಮ್ಮ ಜರಡಿ ನೂರಕ್ಕೆ 95 ಸಲ ಸರಿ ಹೇಳುತ್ತದೆ, ಒಳ್ಳೆಯದರಲ್ಲೂ ಕೆಟ್ಟದರಲ್ಲೂ. ಪರೀಕ್ಷೆಯಲ್ಲಿ ಇಷ್ಟು ಅಂಕ ಬಂದರೆ ಮನೆಯಲ್ಲಿ ಪಾಯಸ ಮಾಡುತ್ತಾರೆ. 500 ಕೆಟ್ಟವುಗಳಲ್ಲಿ 475 ಸಿಕ್ಕಿಬಿದ್ದವು. ಉಳಿದ 9,500 ಒಳ್ಳೆಯವುಗಳಲ್ಲಿ ನೂರಕ್ಕೆ 5ರಂತೆ ತಪ್ಪಾಗಿ ಹಿಡಿದದ್ದೆಷ್ಟು? ಮಾಡಿ ನೋಡಿ. ಅದೂ 475! ಒಟ್ಟು 950 ಸಿಕ್ಕಿಬಿದ್ದಿವೆ, ಅವುಗಳಲ್ಲಿ ಸರಿ ಅರ್ಧ ನಿರಪರಾಧಿಗಳು. ಈಗ ಅದೇ ತಾಣದಲ್ಲಿ ಜನ ಇನ್ನೂ ಸಭ್ಯರು, ಕೆಟ್ಟವು ನೂರಕ್ಕೆ ಒಂದೇ ಅನ್ನಿ. 100ರಲ್ಲಿ 95 ಸಿಕ್ಕವು, 9,900 ಒಳ್ಳೆಯವುಗಳಲ್ಲಿ 495 ಬಲಿಯಾದವು. ಹಿಡಿದ ಆರರಲ್ಲಿ ಒಂದು ಮಾತ್ರ ನಿಜವಾದ ಕಸ. ಜನ ಒಳ್ಳೆಯವರಾದಷ್ಟೂ, ಸಿಕ್ಕಿಬಿದ್ದವರಲ್ಲಿ ನಿರಪರಾಧಿಗಳ ಪಾಲು ಹೆಚ್ಚುತ್ತದೆ. ಮೊದಲ ಸಲ ಈ ಲೆಕ್ಕ ಮಾಡಿದಾಗ ನಾನೇ ಎರಡು ಸಲ ಅಳಿಸಿ ಮಾಡಿದ್ದೆ. ಅಪರೂಪದ ಕಾಯಿಲೆಯ ರಕ್ತಪರೀಕ್ಷೆಗೂ ಇದೇ ಲೆಕ್ಕ. ಅದಕ್ಕೇ ವೈದ್ಯರು ಎರಡನೇ ಪರೀಕ್ಷೆ ಮಾಡಿಸುವುದು.

ಕ್ಲೂಬಾಟ್ ಎನ್‌ಜಿ ಮಾಡಿದವರಿಗೆ ಈ ಲೆಕ್ಕ ಗೊತ್ತಿತ್ತು. ಅವರು ಮೊದಲು ನಿರ್ಧರಿಸುವುದು ಎಷ್ಟು ನಿರಪರಾಧಿಗಳನ್ನು ಹಿಡಿದರೆ ಸಹಿಸಬಹುದು ಎಂಬ ಮಿತಿಯನ್ನು. ಆ ಮಿತಿ ಬಹಳ ಸಣ್ಣದು. ಅದರೊಳಗೆ ಎಷ್ಟು ಕಿಡಿಗೇಡಿಗಳು ಸಿಗುತ್ತಾರೋ ಅಷ್ಟು ಸಾಕು, ಉಳಿದವರನ್ನು ಮನುಷ್ಯರು ನೋಡಿಕೊಳ್ಳಲಿ ಅಂತ. ಬಾಟ್ ಯಾರದ್ದಾದರೂ ಬದಲಾವಣೆ ತೆಗೆದರೆ ಅವರಿಗೆ ಸಂದೇಶ ಬಿಡುತ್ತದೆ, ನನ್ನದು ತಪ್ಪಾದರೆ ಇಲ್ಲಿ ತಿಳಿಸಿ ಅಂತ ದಾರಿಯನ್ನೂ ತೋರಿಸುತ್ತದೆ. ತೆಗೆದದ್ದು ಮಾಯವಾಗುವುದೂ ಇಲ್ಲ. ಪುಟದ ‘ಇತಿಹಾಸ’ದಲ್ಲಿ ಎಲ್ಲ ಉಳಿದಿರುತ್ತದೆ, ಯಾರು ಬೇಕಾದರೂ ತಿರುಗಿ ತರಬಹುದು. ನನ್ನ ಕಸದ ಬುಟ್ಟಿಗೆ ಇತಿಹಾಸ ಇರಲಿಲ್ಲ ನೋಡಿ. ಶನಿವಾರ ಬೆಳಿಗ್ಗೆ ಅದನ್ನು ಗುಡಿಸಿ ಸುಟ್ಟಾಗಿತ್ತು.

ಇಷ್ಟಾದರೂ ಪೆಟ್ಟು ಬಿದ್ದೇ ಬಿತ್ತು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಕ್ರಿಯವಾಗಿ ಬರೆಯುವವರ ಸಂಖ್ಯೆ 2007ರವರೆಗೆ ಏರಿ, ಆಮೇಲೆ ಇಳಿಯತೊಡಗಿತು. ಯಾಕೆ ಅಂತ ಆರನ್ ಹಾಫೇಕರ್ ಮತ್ತು ಸಂಗಡಿಗರು 2013ರಲ್ಲಿ ಒಂದು ಸಂಶೋಧನೆ ಪ್ರಕಟಿಸಿದರು. ಕಿಡಿಗೇಡಿತನ ತಡೆಯಲೆಂದು ತಂದ ನಿಯಮಗಳು, ಥಟ್ಟನೆ ಅಳಿಸುವ ಸಲಕರಣೆಗಳು ಒಳ್ಳೆಯ ಮನಸ್ಸಿನಿಂದ ಬಂದ ಹೊಸಬರನ್ನೂ ಅಟ್ಟಿದವು ಎಂಬುದು ಅವರು ಕಂಡುಕೊಂಡದ್ದು. ಮೊದಲ ಸಲ ಬರೆದದ್ದನ್ನು ಯಾರೋ ಕಾರಣ ಸರಿಯಾಗಿ ಹೇಳದೆ ಅಳಿಸಿದರೆ ನೀವಾದರೂ ಎರಡನೇ ಸಲ ಹೋಗುತ್ತೀರಾ? ‘ಹೊಸಬರನ್ನು ಕಚ್ಚಬೇಡಿ’ ಅಂತ ಅಲ್ಲಿ ಒಂದು ಮಾರ್ಗಸೂಚಿಯೇ ಉಂಟು. ಆದರೂ ಕಚ್ಚಿದರು.

ಈಗ ನಮ್ಮ ಮನೆಗೆ ಬರೋಣ. ಇಂಗ್ಲಿಷ್ ವಿಕಿಪೀಡಿಯದಲ್ಲಿ 60 ಲಕ್ಷಕ್ಕೂ ಹೆಚ್ಚು ಲೇಖನ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ 30 ಸಾವಿರಕ್ಕೆ ಮಿಕ್ಕಿ ಉಂಟು. ಅದನ್ನು ನೋಡಿಕೊಳ್ಳುವ ನಿರ್ವಾಹಕರು ಬೆರಳೆಣಿಕೆಯಷ್ಟು, ಅವರೂ ಸಂಬಳವಿಲ್ಲದೆ ದುಡಿಯುವವರು. ಯಂತ್ರಕ್ಕೆ ಕಲಿಸಲು ಬೇಕಾಗುವ, ಮನುಷ್ಯರು ಬೇರ್ಪಡಿಸಿಟ್ಟ ಬರಹದ ರಾಶಿ ಇಂಗ್ಲಿಷಿನಲ್ಲಿ ಗುಡ್ಡದಷ್ಟು ಇದ್ದರೆ, ಕನ್ನಡದಲ್ಲಿ ಒಂದು ಬುಟ್ಟಿ. ಆ ಬುಟ್ಟಿಯಲ್ಲೂ ಯಾರ ಕನ್ನಡ ಇದ್ದೀತು? ಅಕ್ಕಿ ಕೇರುವುದಕ್ಕೆ ನಮ್ಮ ಕಡೆ ಗೆರಸೆ ಅನ್ನುತ್ತೇವೆ, ನಿಮ್ಮಲ್ಲಿ ಕೆಲವರು ಮೊರ ಅನ್ನುತ್ತೀರಿ. ನಾವು ‘ಉಂಟು’ ಅಂದರೆ ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ‘ಐತಿ’. ಪೇಟೆಯ ಪುಸ್ತಕದ ಕನ್ನಡವನ್ನಷ್ಟೇ ಕಲಿತ ಯಂತ್ರಕ್ಕೆ ಗಡಿಯಾಚೆಯ ನಮ್ಮ ಮಾತು ತಪ್ಪಾಗಿ, ಕೆಲವೊಮ್ಮೆ ಕಸವಾಗಿ ಕಂಡರೆ ಆಶ್ಚರ್ಯವಿಲ್ಲ. ಯಂತ್ರ ಯಾಕೆ, ಮನುಷ್ಯರಿಗೂ ಹಾಗೆ ಕಾಣುವುದುಂಟು.

ಹಾಗಂತ ಕಾವಲೇ ಬೇಡ ಅನ್ನುತ್ತಿಲ್ಲ. ನೋಡುವವರಿಲ್ಲದಿದ್ದರೆ ಎಂತ ಆಗುತ್ತದೆ ಅನ್ನುವುದಕ್ಕೆ ಸ್ಕಾಟ್ಸ್ ವಿಕಿಪೀಡಿಯದ ಕಥೆ ಕೇಳಿ. ಸ್ಕಾಟ್ಸ್ ಎಂಬುದು ಸ್ಕಾಟ್ಲೆಂಡಿನ ಒಂದು ನುಡಿ, ಇಂಗ್ಲಿಷಿಗೆ ನೆಂಟ, ಆದರೆ ಬೇರೆ. 2020ರ ಆಗಸ್ಟಿನಲ್ಲಿ ಗೊತ್ತಾದದ್ದೇನೆಂದರೆ, ಆ ವಿಕಿಪೀಡಿಯದ 20 ಸಾವಿರಕ್ಕೂ ಹೆಚ್ಚು ಲೇಖನ ಸ್ಕಾಟ್ಸ್ ಬಾರದ ಒಬ್ಬ ಅಮೆರಿಕದ ಹುಡುಗನದ್ದು. ಹನ್ನೆರಡನೇ ವಯಸ್ಸಿಗೇ ಸುರುಮಾಡಿದ್ದ. ಇಂಗ್ಲಿಷ್ ವಾಕ್ಯಕ್ಕೆ ನಿಘಂಟಿನಿಂದ ಒಂದೊಂದೇ ಸ್ಕಾಟ್ಸ್ ಪದ ತಂದು ಜೋಡಿಸುತ್ತಿದ್ದ. ಕೆಟ್ಟ ಉದ್ದೇಶ ಇರಲಿಲ್ಲ, ಉಪಕಾರ ಮಾಡುತ್ತಿದ್ದೇನೆಂದೇ ನಂಬಿದ್ದ. ಅದರಲ್ಲಿ ಒಂದೂ ಬೈಗುಳವಿಲ್ಲ, ಜಾಹೀರಾತಿಲ್ಲ. ಯಾವ ಜರಡಿಗೂ ಸಿಗುವಂಥದ್ದಲ್ಲ. ಸ್ಕಾಟ್ಸ್ ಮಾತಾಡುವ ಮನುಷ್ಯ ಕೂತು ಓದಿದ್ದರೆ ಎರಡೇ ಸಾಲಿಗೆ ಗೊತ್ತಾಗುತ್ತಿತ್ತು. ವರ್ಷಗಟ್ಟಲೆ ಹಾಗೆ ಓದಿ ತಿದ್ದುವವರು ಸಾಕಷ್ಟು ಇರಲಿಲ್ಲ. ವಿಷಯ ಹೊರಬಿದ್ದ ಮೇಲೆ ಎಂತ ಆಯಿತು ಗೊತ್ತುಂಟಾ? ಊರಿಡೀ ಸೇರಿ ಆ ಹುಡುಗನನ್ನು ಹೀನಾಯವಾಗಿ ಬೈದರು. ಭಾಷೆ ಉಳಿಸಲು ಹೊರಟವರೇ ಬೈಗುಳದ ಕಸ ಸುರಿದರು.

ಈಗ ಯಂತ್ರವೇ ನುಣುಪಾದ ಕನ್ನಡ ಬರೆಯುತ್ತದೆ. ಸ್ಕಾಟ್ಸ್‌ನಲ್ಲಿ ಒಬ್ಬ ಹುಡುಗ ವರ್ಷಗಟ್ಟಲೆ ಕೂತು ಮಾಡಿದ್ದನ್ನು ಇಂದು ಒಂದು ವಾರದಲ್ಲಿ ಮಾಡಬಹುದು. ಅದನ್ನು ಓದಿ ‘ಇದು ನಮ್ಮ ಮಾತಲ್ಲ’ ಅನ್ನಬೇಕಾದವರು ಯಾರು? ಬೆಂಗಳೂರಿನಲ್ಲಿ ಕೂತವರಿಗೆ ಕುಂಬಳೆ ಹೊಳೆಯ ವಿಷಯ, ತಾಳವಾಡಿಯ ಬೆಳೆಯ ವಿಷಯ, ಮಡಕಶಿರದ ಕೆರೆಯ ವಿಷಯ ಸರಿಯೋ ತಪ್ಪೋ ಹೇಗೆ ತಿಳಿಯಬೇಕು? ಆ ಪುಟಗಳ ಕಾವಲು ನಿಮ್ಮದೇ, ಬೇರೆಯವರು ಬರುವುದಿಲ್ಲ. ಶಾಲೆಯ ಕಂಪ್ಯೂಟರಿನಲ್ಲಿ ಕನ್ನಡ ವಿಕಿಪೀಡಿಯದ ‘ಇತ್ತೀಚೆಗಿನ ಬದಲಾವಣೆಗಳು’ ಪುಟ ಒಮ್ಮೆ ತೆರೆಯಿರಿ. ನಿಮ್ಮ ತಾಲೂಕಿನ ಪುಟ ಓದಿ. ತಪ್ಪಿದ್ದರೆ ‘ಚರ್ಚೆ’ಯಲ್ಲಿ ಕಾರಣ ಬರೆದು ತಿದ್ದಿ. ಬರೆದವರು ನಿಮ್ಮ ಹಾಗೆಯೇ ಒಬ್ಬ ಏಳನೇ ತರಗತಿಯವ ಇದ್ದಾನು ಅಂತ ನೆನಪಿಟ್ಟುಕೊಂಡು ಬರೆಯಿರಿ.

ಒಂದು ವಿಷಯದಲ್ಲಿ ಮಾತ್ರ ನನಗೆ ಈ ತಾಳ್ಮೆ ಇಲ್ಲ. ತಪ್ಪು ಮಾಹಿತಿಗೆ, ಅರೆಬರೆ ಭಾಷೆಗೆ ಎರಡನೇ ಅವಕಾಶ ಕೊಡಬೇಕು, ಸರಿ. ಒಬ್ಬ ಮನುಷ್ಯನನ್ನು ಗುರಿಮಾಡಿ ಹೀಯಾಳಿಸಿದ್ದಕ್ಕೆ, ಬೆದರಿಸಿದ್ದಕ್ಕೆ, ಒಬ್ಬರ ಫೋಟೋ ಹಾಕಿ ಗೇಲಿ ಮಾಡಿದ್ದಕ್ಕೆ ಚರ್ಚೆ ಬೇಡ, ಕೂಡಲೇ ತೆಗೆಯಬೇಕು. ವಿಕಿಪೀಡಿಯದಲ್ಲೂ ಅಂಥದ್ದನ್ನು ನಿರ್ವಾಹಕರು ಇತಿಹಾಸದಿಂದಲೂ ಮರೆಮಾಡಬಲ್ಲರು. ನಿಮಗೇ ಹಾಗೆ ಯಾರಾದರೂ ಮಾಡಿದರೆ ಅಳಿಸುವ ಮೊದಲು ತೆರೆಚಿತ್ರ ತೆಗೆದಿಟ್ಟು ಮನೆಯವರಿಗೋ ಶಿಕ್ಷಕರಿಗೋ ತೋರಿಸಿ. ಹೇಳಲು ಯಾರೂ ಇಲ್ಲ ಅನಿಸಿದರೆ 1098 ಮಕ್ಕಳ ಸಹಾಯವಾಣಿ, ನೀವು ಯಾವ ರಾಜ್ಯದಲ್ಲಿದ್ದರೂ ಅದೇ ಸಂಖ್ಯೆ.

ನಮ್ಮ ಬಿಸ್ಕತ್ತಿನ ಡಬ್ಬ ಈಗಲೂ ಅಲ್ಲೇ ಉಂಟು. ಒಬ್ಬರ ಹೆಸರು ಹಿಡಿದು ಬೈದ ಚೀಟಿಯನ್ನು ನಾನೇ ಆಗಲೇ ಹರಿಯುತ್ತೇನೆ. ಸಂಶಯದ ಚೀಟಿಗಳನ್ನು ಎಸೆಯುವುದಿಲ್ಲ, ಒಂದು ನೀಲಿ ಫೈಲಿನಲ್ಲಿ ಹಾಕಿಡುತ್ತೇನೆ. ಸೋಮವಾರ ಒಂಬತ್ತನೇ ತರಗತಿಯ ಇಬ್ಬರು ಅವನ್ನು ಮತ್ತೊಮ್ಮೆ ಓದುತ್ತಾರೆ. ಕಳೆದ ವಾರ ಅದರಲ್ಲಿ ಒಂದೇ ಚೀಟಿ ಇತ್ತು: ‘ಹಂದಿಗೆ ನಾಚಿಕೆ ಉಂಟಾ?’ ಬೈಗುಳವೋ ಪ್ರಶ್ನೆಯೋ ನನಗೆ ತಿಳಿಯಲಿಲ್ಲ. ಇಬ್ಬರೂ ಅರ್ಧ ಗಂಟೆ ಜಗಳವಾಡಿ, ಪ್ರಶ್ನೆಯೇ ಅಂತ ತೀರ್ಮಾನಿಸಿದ್ದಾರೆ. ಉತ್ತರ ಹುಡುಕುತ್ತಿದ್ದೇವೆ.